ಹನ್ನೊಂದರ ಚೀಟಿ

ಕಮಲಾಪುರ
೫ ಫೆಬ್ರುವರಿ ೨೦೨೪

ಗೌಸಿಯಾ ಆಪಾಗೆ ವಿಜಯಶ್ರೀಯ ನಮಸ್ಕಾರ.

ಕಾಗದ ಕಂಡು ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಆರಾಮಿದ್ದೇವೆ. ಫೋನಿನಲ್ಲಿ ನಾನು ಕೂಗಿದ್ದು ನಮ್ಮ ಓಣಿಗೆಲ್ಲ ಕೇಳಿಸುತ್ತದೆ, ನಿಮಗೊಬ್ಬರಿಗೆ ಕೇಳಿಸುವುದಿಲ್ಲ. ಬೇಳೆ ಮಿಲ್ಲಿನ ಗದ್ದಲದಲ್ಲಿ ಇಪ್ಪತ್ತೆರಡು ವರ್ಷ ಎದುರುಬದುರು ಕೂತು ತೊಗರಿಬೇಳೆಯಿಂದ ಹರಳುಕಲ್ಲು ಆರಿಸುತ್ತ, ಚೀಲದ ಚೀಟಿಗಳ ಬೆನ್ನಿಗೆ ಪೆನ್ಸಿಲ್ಲಿನಿಂದ ಬರೆದುಕೊಂಡೇ ಅಲ್ಲವೆ ನಾವು ಮಾತಾಡಿದ್ದು? 'ಇವತ್ತ ಪಲ್ಯ ಏನು?' 'ನಾಗಣ್ಣ ಬಂದ, ತಲಿ ತಗ್ಗಸು.' ಅದೇ ಚಟ ಮುಂದುವರಿದಿದೆ ಎಂದುಕೊಳ್ಳಿ.

ನಾನೀಗ ಊರಿನ ಗ್ರಂಥಾಲಯದ ಬಾಗಿಲು ತೆಗೆದು ಕಸ ಹೊಡೆಯುವ ಕೆಲಸಕ್ಕಿದ್ದೇನೆ. ಗ್ರಂಥಪಾಲಕರು ಆನಂದಕುಮಾರ ಅಂತ, ಚಿಕ್ಕ ವಯಸ್ಸಿನವರು. ದಿನಾ ಮಧ್ಯಾಹ್ನ ಓದುವವರು ಯಾರೂ ಇಲ್ಲದಾಗ ಕಂಪ್ಯೂಟರಿನಲ್ಲಿ ಬೂದು ಬಣ್ಣದ ಚಿತ್ರಗಳನ್ನು ನೋಡುತ್ತ ಕೂತಿರುತ್ತಾರೆ. ಒಂದು ದಿನ ತಡೆಯಲಾರದೆ ಕೇಳಿದೆ.

'ಸರ್, ಇದರಾಗ ಏನ್ ಹುಡುಕಾಕತ್ತೀರಿ?'

'ಧೂಳು ರೀ ಅಕ್ಕಾ.'

'ಧೂಳು ಬೇಕಾಗಿದ್ರ ನನ್ನ ಕೇಳಬೇಕಿಲ್ರಿ? ಮುಂಜಾನಿನೇ ಒಂದು ಪುಟ್ಟಿ ಹೊರಗ ಚೆಲ್ಲಿ ಬಂದೀನಿ.'

ಅವರು ನಕ್ಕು ತಿಳಿಸಿ ಹೇಳಿದರು. ಇದು ನಕ್ಷತ್ರಗಳ ಕಡೆಯಿಂದ ಹಾರಿ ಬಂದ ಧೂಳಂತೆ. ಒಂದು ನೌಕೆ ಆಕಾಶಕ್ಕೆ ಹೋಗಿ ಒಂದು ತಟ್ಟೆಯನ್ನು ಹೊರಗೆ ಚಾಚಿ ಅದನ್ನು ಹಿಡಿದು ತಂದಿದೆ. ತಟ್ಟೆಯಲ್ಲಿರುವುದು ಗಾಜನ್ನೇ ನೊರೆ ಬರಿಸಿ ಗಟ್ಟಿ ಮಾಡಿದಂಥ ವಸ್ತು, ಗಾಳಿಯಷ್ಟು ಹಗುರ. ಅದಕ್ಕೆ ಬಡಿದ ಕಣ ಒಳಗೆ ಹೊಕ್ಕು ಎಲ್ಲೋ ನಿಂತುಬಿಡುತ್ತದೆ. ಕಣ ಕಾಣುವುದಿಲ್ಲ, ಅದು ಕೊರೆದುಕೊಂಡು ಹೋದ ಹಾದಿ ಮಾತ್ರ ಕಾಣುತ್ತದೆ. ತಟ್ಟೆಯನ್ನು ಚೂರುಚೂರಾಗಿ ಲಕ್ಷಗಟ್ಟಲೆ ಫೋಟೊ ತೆಗೆದಿದ್ದಾರೆ, ಆ ಹಾದಿಯನ್ನು ಹುಡುಕಬೇಕು. ಯಂತ್ರಕ್ಕೆ ಅದು ಬರುವುದಿಲ್ಲವಂತೆ ಆಪಾ. ಮನುಷ್ಯರ ಕಣ್ಣೇ ಬೇಕಂತೆ. ಅದಕ್ಕೇ ಲೋಕದ ತುಂಬ ಆಸಕ್ತಿ ಇದ್ದವರನ್ನೆಲ್ಲ ಪುಕ್ಕಟೆ ಕೆಲಸಕ್ಕೆ ಕರೆದಿದ್ದಾರೆ. ಹರಳು ಆರಿಸುವ ಯಂತ್ರ ಬಂತೆಂದು ನನ್ನನ್ನು ಮನೆಗೆ ಕಳಿಸಿದರಲ್ಲ, ಈ ಮಾತು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ನೀವೂ ಸೇರಿ. ನಿಮ್ಮ ಮೊಮ್ಮಗಳು ಅಂಬರೀನ್ ಹತ್ತಿರ ಕಂಪ್ಯೂಟರ್ ಇದೆಯಲ್ಲ. ಹತ್ತು ಚಿತ್ರದ ಒಂದು ಪರೀಕ್ಷೆ ಇರುತ್ತದೆ. ಎಂಟು ಸರಿಯಾದರೆ ಪಾಸು. ಮಿಲ್ಲಿನ ಅರವತ್ತು ಹೆಂಗಸರಲ್ಲಿ ನಿಮ್ಮಂಥ ಕಣ್ಣು ಯಾರಿಗೂ ಇರಲಿಲ್ಲ. ನಿಮಗಿದು ಎಡಗೈ ಕೆಲಸ.

ನಿಮ್ಮ
ವಿಜಯಶ್ರೀ


ರೋಜಾ, ಕಲಬುರಗಿ
೧೩ ಫೆಬ್ರುವರಿ ೨೦೨೪

ವಿಜಯಾ,

ಸಲಾಂ. ಬಸ್ಸಿಗೆ ಒಂದು ತಾಸಿನ ಹಾದಿ, ನಿನ್ನ ಕಾಗದ ಐದು ದಿನ ತೆಗೆದುಕೊಂಡಿತು. ದರ್ಗಾಕ್ಕೆ ಹರಕೆ ಹೊತ್ತು ನಡೆದು ಬರುವವರು ಇದಕ್ಕಿಂತ ಬೇಗ ಬರುತ್ತಾರೆ. ಆದರೂ ಓದಿ ಖುಷಿಯಾಯಿತು. ಅಂಬರೀನಳಿಗೂ ಓದಿ ಹೇಳಿದೆ. ಧೂಳಿನ ಪುಟ್ಟಿಯ ಮಾತಿಗೆ ಬಿದ್ದು ಬಿದ್ದು ನಕ್ಕಳು.

ಸೇರುವ ಮಾತು ಮಾತ್ರ ಎತ್ತಬೇಡ. ಕಣ್ಣಿನ ಕೆಲಸ ನನಗೆ ಮುಗಿಯಿತು. ನೀನು ಮರೆತಿರಬಹುದು, ನಾನು ಮರೆತಿಲ್ಲ. ಎರಡು ವರ್ಷದ ಹಿಂದೆ ದರ್ಗಾದ ಉರುಸಿನಲ್ಲಿ ಗಂಧದ ಮೆರವಣಿಗೆಯ ಸಂದಲ್ ದಿನ. ಹುಮನಾಬಾದಿನಿಂದ ನೆಂಟರು ಬರುವವರಿದ್ದರು, ನನ್ನ ಜೀವವೆಲ್ಲ ಬಿರಿಯಾನಿಯ ಹಂಡೆಯಲ್ಲಿತ್ತು. ಆರು ಚೀಲದಲ್ಲಿ ಎರಡನ್ನು ಗಡಿಬಿಡಿಯಲ್ಲಿ ನೋಡಿ, ನನ್ನ ಟೋಕನ್ ನಂಬರ್ ಹನ್ನೊಂದರ ಚೀಟಿ ಹಾಕಿ, ಉಳಿದದ್ದನ್ನು ನಿನ್ನ ಮೇಲೆ ಬಿಟ್ಟು ಮಧ್ಯಾಹ್ನಕ್ಕೆ ಹೊರಟುಬಂದೆ. ಹದಿನೈದು ದಿನಕ್ಕೆ ಸೋಲಾಪುರದಿಂದ ಒಂದು ಚೀಲ ವಾಪಸು ಬಂತು. ಒಳಗೆ ಹನ್ನೊಂದರ ಚೀಟಿ. ಮೇಸ್ತ್ರಿ ನಾಗಣ್ಣ ಎಲ್ಲರ ಎದುರಿಗೆ ನನ್ನ ಅಂಗೈಯಲ್ಲಿ ಮೂರು ಹರಳು ಇಟ್ಟ.

'ಗೌಸಿಯಾಬಿ, ಇವು ನಿಮ್ಮ ಕಣ್ಣಿಗಿ ಕಾಣ್ಲಿಲ್ಲೇನ್ರಿ?'

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಮನೆಯವರ ಆರೋಗ್ಯ ಕೇಳಿದ ಹಾಗೆ ಮೆತ್ತಗೆ ಕೇಳಿದ. ಮರುದಿನ ಟೋಕನ್ ಮೇಜಿನ ಮೇಲಿಟ್ಟು ಬಂದೆ. ನಿನ್ನನ್ನು ಮನೆಗೆ ಕಳಿಸಿದ್ದು ಯಂತ್ರ, ನನ್ನನ್ನು ಕಳಿಸಿದ್ದು ನನ್ನ ಕಣ್ಣು. ಆ ಮೂರು ಹರಳು ಇವತ್ತಿಗೂ ನನ್ನ ಎಲೆಅಡಿಕೆಯ ಪಾನದಾನಿಯಲ್ಲಿವೆ. ಮನೆಯಲ್ಲಿ ಅಕ್ಕಿ ಹಸನು ಮಾಡುವುದನ್ನೂ ಸೊಸೆ ನಜ್ಮಾಗೆ ಬಿಟ್ಟಿದ್ದೇನೆ. ಊಟದಲ್ಲಿ ಯಾರಿಗಾದರೂ ಹರಳು ಕಡಿಸಿದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ಇನ್ನೊಂದು. ಹೋದ ಉರುಸಿಗೂ ನೀನು ಬರಲಿಲ್ಲ. ಇಪ್ಪತ್ತು ವರ್ಷ ತಪ್ಪದೆ ಬಂದವಳು. ಮುನಿಸೇನು? ಆ ಸಲ ಗಡಿಬಿಡಿಯಲ್ಲಿ ನಿನಗೆ ಡಬ್ಬಿ ಕಟ್ಟಿ ಕಳಿಸಲಿಲ್ಲ ಎಂದು ಸಿಟ್ಟಾದೆಯಾ? ಹಾಗಿದ್ದರೆ ಬಾಯಿಬಿಟ್ಟು ಹೇಳು.

ಗೌಸಿಯಾ


ಕಮಲಾಪುರ
೨೧ ಫೆಬ್ರುವರಿ ೨೦೨೪

ಆಪಾ,

ಬಿರಿಯಾನಿಗೆ ಸಿಟ್ಟಾಗುವಷ್ಟು ಸಣ್ಣವಳೆ ನಾನು? ನಮ್ಮ ಯಜಮಾನರಿಗೆ ಬಾಳೆತೋಟದಲ್ಲಿ ಕೆಲಸ ಹೆಚ್ಚು, ರಜೆ ಎಂದರೆ ತೋಟದ ಮಾಲೀಕರ ಮುಖ ಹುಳ್ಳಗಾಗುತ್ತದೆ. ಅದಕ್ಕೇ ಆಗಲಿಲ್ಲ. ಹರಳಿನ ಮಾತು ಬಿಟ್ಟುಬಿಡಿ, ಹಳೆಯದಾಯಿತು. ಯಾರ ಕಣ್ಣಾದರೂ ಒಮ್ಮೆ ತಪ್ಪುತ್ತದೆ. ಅವನ್ನು ಪಾನದಾನಿಯಲ್ಲಿ ಯಾಕೆ ಇಟ್ಟುಕೊಂಡಿರಿ? ಎಸೆಯಿರಿ.

ನನ್ನ ಪರೀಕ್ಷೆಯ ಕಥೆ ಕೇಳಿ. ಹತ್ತಕ್ಕೆ ಎರಡು. ನಗಬೇಡಿ. ಚಿತ್ರದ ಪಕ್ಕದಲ್ಲಿ ಒಂದು ಉದ್ದ ಪಟ್ಟಿ ಇರುತ್ತದೆ, ಇಲಿಯಂಥದ್ದನ್ನು ಹಿಡಿದು ಮೇಲೆ ಕೆಳಗೆ ಎಳೆದರೆ ಚಿತ್ರ ಆ ನೊರೆಗಾಜಿನ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಹಾದಿ ಕಂಡರೆ ಅದರ ಮೇಲೆ ಒತ್ತಬೇಕು, ಇಲ್ಲದಿದ್ದರೆ 'ಏನೂ ಇಲ್ಲ' ಎಂಬುದನ್ನು ಒತ್ತಬೇಕು. ನಾನು ಹತ್ತರಲ್ಲೂ ಕಂಡಿತು ಎಂದು ಒತ್ತಿದೆ. ಗೀರು, ಬಿರುಕು, ಕೂದಲಿನಂಥದ್ದು, ಏನು ಕಂಡರೂ ಒತ್ತಿದೆ.

'ಅಕ್ಕಾ, ನೀವು ಎಲ್ಲಾದಕ್ಕೂ ಅದ ಅಂತೀರಲ್ರಿ,' ಎಂದರು ಆನಂದಕುಮಾರ.

'ಸಂಶೇ ಬಂದ್ರ ತೆಗಿ ಅಂತ ಕಲಿಸ್ಯಾರ ಸರ್ ನಮಗ. ಹತ್ತು ಛಲೋ ಬ್ಯಾಳಿ ಹೋದ್ರೂ ಚಿಂತಿಲ್ಲ, ಒಂದು ಹರಳು ಉಳೀಬಾರದು.'

'ಇಲ್ಲಿ ಹಂಗ ಮಾಡಿದ್ರ ಅವರು ಖಾಲಿ ಜಾಗಾನೇ ಕೊರದು ನೋಡಬೇಕಾಗ್ತದ. ತಟ್ಟಿ ಹಾಳಾಗ್ತದ.'

ಇಪ್ಪತ್ತೆರಡು ವರ್ಷದ ವಿದ್ಯೆಯೇ ಮುಳುವಾಯಿತು ನೋಡಿ. ಎರಡನೆಯ ಸಲ ಮೂರು ಬಂತು. ನೀವು ಸೇರದಿದ್ದರೆ ಬೇಡ. ಹೇಗೆ ನೋಡಬೇಕೆಂದಾದರೂ ಹೇಳಿಕೊಡಿ. ಮಿಲ್ಲಿನಲ್ಲಿ ನನಗೆ ಕಲಿಸಿದವರೂ ನೀವೇ.

ವಿಜಯಶ್ರೀ


ರೋಜಾ, ಕಲಬುರಗಿ
೨ ಮಾರ್ಚ್ ೨೦೨೪

ವಿಜಯಾ,

ಹತ್ತಕ್ಕೆ ಎರಡು ಎಂದು ಓದಿ ನಾಚಿಕೆಯಾಯಿತು. ನಿನಗಲ್ಲ, ನಿನ್ನ ಗುರುವಿಗೆ. ಅಂತಹದೇನಿದೆ ಅದರಲ್ಲಿ ಎಂದು ಅಂಬರೀನಳ ಕಂಪ್ಯೂಟರಿನಲ್ಲಿ ಕಲಿಸುವ ಪಾಠದ ಚಿತ್ರಗಳನ್ನು ತೆಗೆಸಿ ನೋಡಿದೆ. ಬರೀ ನೋಡಿದೆ, ಯಾವುದನ್ನೂ ಒತ್ತಲಿಲ್ಲ. ಅಷ್ಟಕ್ಕೇ ಕುಣಿದಾಡಬೇಡ.

ನಿನ್ನ ತಪ್ಪು ನನಗೆ ಗೊತ್ತಾಯಿತು. ಬೇಳೆಯನ್ನು ನಾವು ಮೇಲಿನಿಂದ ನೋಡುತ್ತಿದ್ದೆವು. ಮೊರ ಅಲುಗಿಸಿದರೆ ಕೆಳಗಿದ್ದದ್ದೂ ಮೇಲೆ ಬರುತ್ತಿತ್ತು. ಇಲ್ಲಿ ಮೊರ ಅಲುಗುವುದಿಲ್ಲ, ನೀನೇ ಕೆಳಗಿಳಿಯಬೇಕು. ದರ್ಗಾದ ನೀರಿನ ಹೌದಿನಲ್ಲಿ ಕೈಕಾಲು ತೊಳೆಯುವಾಗ ನೋಡಿದ್ದೀಯಲ್ಲ. ನೀರ ಮೇಲಿನ ಎಲೆಯನ್ನು ನೋಡಿದರೆ ತಳದ ನಾಣ್ಯ ಮಸುಕು. ನಾಣ್ಯ ನೋಡಿದರೆ ಎಲೆ ಮಸುಕು. ಮೊದಲು ಮೇಲ್ಮೈ ಎಲ್ಲಿದೆ ಎಂದು ಹಿಡಿ. ಗೀರು, ಕಸ, ಕೂದಲು ಎಲ್ಲ ಅಲ್ಲೇ ಇರುತ್ತವೆ. ಅವು ಎಷ್ಟು ಸೊಗಸಾಗಿ ಕಂಡರೂ ಬಿಡು. ಆಮೇಲೆ ನಿಧಾನಕ್ಕೆ ಇಳಿ. ಮೇಲಿನದೆಲ್ಲ ಮಸುಕಾದ ಮೇಲೂ ಯಾವುದು ಅಲ್ಲೇ ನಿಂತು, ನೀನು ಇಳಿದ ಹಾಗೆ ತಾನೂ ಇಳಿಯುತ್ತದೋ ಅದನ್ನು ಹಿಡಿ. ಮೇಲೆ ತುಸು ಅಗಲ, ಕೆಳಗೆ ಚೂಪು, ಗಜ್ಜರಿಯ ಹಾಗೆ.

ಇನ್ನು, ಇಲ್ಲ ಎನ್ನುವುದನ್ನು ಕಲಿ. ಮಿಲ್ಲಿನಲ್ಲಿ ಇಲ್ಲ ಎಂದರೆ ಮೈಗಳ್ಳಿ ಎನ್ನುತ್ತಿದ್ದರು, ಅದಕ್ಕೇ ನಮಗೆ ಆ ಮಾತು ಬಾಯಿಗೆ ಬರುವುದಿಲ್ಲ. ಇಲ್ಲಿ ಅದೇ ದೊಡ್ಡ ಕೆಲಸ. ಅಂಬರೀನ್ ಓದಿ ಹೇಳಿದಳು, ಪಾಸಾದ ಮೇಲೂ ನಡುನಡುವೆ ಉತ್ತರ ಗೊತ್ತಿರುವ ಚಿತ್ರಗಳನ್ನು ಗುಟ್ಟಾಗಿ ಸೇರಿಸಿ ಕಳಿಸುತ್ತಾರಂತೆ. ಕೆಲವದರಲ್ಲಿ ಬೇಕೆಂದೇ ಹಾದಿ ಬರೆದಿರುತ್ತಾರೆ, ಕೆಲವು ಪೂರ್ತಿ ಖಾಲಿ. ಖಾಲಿಯದನ್ನು ಖಾಲಿ ಎಂದರೂ ಅಂಕ. ನಾಗಣ್ಣನಿಗೆ ಈ ಬುದ್ಧಿ ಇರಲಿಲ್ಲ.

ಪಾಸಾಗಿ ಬರೆ.

ಗೌಸಿಯಾ


ಕಮಲಾಪುರ
೧೧ ಮಾರ್ಚ್ ೨೦೨೪

ಆಪಾ,

ಹತ್ತಕ್ಕೆ ಎಂಟು. ಪಾಸು. ನಿಮ್ಮ ಎಲೆ ಮತ್ತು ನಾಣ್ಯ ಕೆಲಸ ಮಾಡಿದವು. ಆನಂದಕುಮಾರ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆಲ್ಲ ಕೆಂಪು ಬಾಳೆಹಣ್ಣು ಹಂಚಿದರು. ಹಣ್ಣು ನಮ್ಮ ಯಜಮಾನರು ತೋಟದಿಂದ ತಂದದ್ದು, ಹಂಚಿದ ಪುಣ್ಯ ಗ್ರಂಥಪಾಲಕರದು.

ನಿಮಗೊಂದು ಉಡುಗೊರೆ ಕಳಿಸುತ್ತಿದ್ದೇನೆ. ಬೇಡ ಎನ್ನಬೇಡಿ, ರಂಜಾನ್ ತಿಂಗಳು ಶುರುವಾಗುತ್ತಿದೆ. ನಿಮ್ಮ ಹೆಸರಿನಲ್ಲೂ ಒಂದು ಖಾತೆ ತೆಗೆದಿದ್ದೇನೆ. ಹೆಸರು 'ಟೋಕನ್ ಹನ್ನೊಂದು'. ನನ್ನದು 'ಟೋಕನ್ ಹನ್ನೆರಡು'. ಗುಪ್ತಪದ ಹಿಂದಿನ ಪುಟದಲ್ಲಿದೆ. ಪರೀಕ್ಷೆಯ ಚಿಂತೆ ನಿಮಗೆ ಬೇಡ. ಒಬ್ಬರು ಪಾಸಾದರೆ ಅವರು ಹೇಳಿದ ಇನ್ನೊಬ್ಬರನ್ನು ಹಾಗೆಯೇ ತೆಗೆದುಕೊಳ್ಳುತ್ತಾರೆ. ನೇರವಾಗಿ ಚಿತ್ರ ನೋಡಲು ಕೂರಬಹುದು.

ದಿನಕ್ಕೆ ಐದೇ ಐದು ನೋಡಿ. ನನಗೋಸ್ಕರ.

ವಿಜಯಶ್ರೀ


ರೋಜಾ, ಕಲಬುರಗಿ
೩ ಏಪ್ರಿಲ್ ೨೦೨೪

ವಿಜಯಾ,

ಐದು ಎಂದಿದ್ದೆ, ನೂರಾ ಅರವತ್ತು ನೋಡಿದ್ದೇನೆ. ಮಧ್ಯಾಹ್ನದ ನಮಾಜ್ ಆದ ಮೇಲೆ ಕೂತರೆ ಸಂಜೆಯ ಅಜಾನಿನವರೆಗೆ ಹಸಿವೆಯ ನೆನಪೇ ಬರುವುದಿಲ್ಲ. ಮೊದಲ ದಿನ ಒಂದೇ ಚಿತ್ರವನ್ನು ಹತ್ತು ಸಲ ಇಳಿದು ನೋಡಿದೆ. ಪರೀಕ್ಷೆ ಬೇಡವೆಂದು ತೆಗೆದುಕೊಂಡರಲ್ಲ, ನನ್ನ ಕಣ್ಣಿನ ಮೇಲೆ ಅವರಿಗಾದರೂ ನಂಬಿಕೆ ಇದೆ ಎಂದುಕೊಂಡು ಒತ್ತಿದೆ. ಹೋದ ವಾರ ನಜ್ಮಾ ಹಸನು ಮಾಡಿದ ಅಕ್ಕಿಯಲ್ಲಿ ಒಂದು ಹರಳು ಕಂಡಿತು. ಬಾಗಿಲಿನಲ್ಲಿ ನಿಂತಿದ್ದೆ, ಮೊರ ಅವಳ ತೊಡೆಯ ಮೇಲಿತ್ತು. 'ಅಮ್ಮೀ, ಅಲ್ಲಿಂದ ಹ್ಯಾಂಗ ಕಂಡ್ತು?' ಎಂದಳು. ಆ ದಿನ ಉಪವಾಸ ಬಿಡುವಾಗ ಖರ್ಜೂರ ಎರಡು ಹೆಚ್ಚಿಗೆ ತಿಂದೆ.

ಆದರೆ ಒಂದು ಮಾತು. ನಿನ್ನೆ ಅಂಬರೀನ್ ಖಾತೆಯ ಒಳಗೆಲ್ಲ ನೋಡುತ್ತಿದ್ದವಳು, 'ದಾದಿ, ಯೇ ಟೆಸ್ಟ್ ಕೌನ್ ದಿಯಾ?' ಎಂದು ಕೇಳಿದಳು. ಪರೀಕ್ಷೆ ಯಾರು ಕೊಟ್ಟರು ಅಂತ. ಅದರಲ್ಲಿ ಬರೆದಿದೆಯಂತೆ, ಮಾರ್ಚ್ ಹತ್ತು, ಹತ್ತಕ್ಕೆ ಒಂಬತ್ತು, ಪಾಸು. ಪರೀಕ್ಷೆ ಇಲ್ಲದೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಮಾರ್ಚ್ ಹತ್ತಕ್ಕೆ ನಾನು ರಂಜಾನಿನ ಸಾಮಾನು ಕೊಳ್ಳಲು ಬಜಾರಿನಲ್ಲಿದ್ದೆ.

ನೀನು ಕೊಟ್ಟೆಯೆಂದು ಗೊತ್ತು. ಸಿಟ್ಟಿಲ್ಲ. ನಿನ್ನ ಸ್ವಭಾವವೇ ಅದು, ಪಕ್ಕದವಳ ಮೊರದಲ್ಲೂ ಕೈ ಹಾಕುವುದು. 'ಹನ್ನೊಂದರ ಚೀಟಿ ಹನ್ನೊಂದರವರೇ ಬರೀಬೇಕು' ಎಂದು ನಾಗಣ್ಣ ದಿನಕ್ಕೆ ನಾಲ್ಕು ಸಲ ಬಡಿದುಕೊಳ್ಳುತ್ತಿದ್ದದ್ದು ನೆನಪಾಗಿ ನಕ್ಕೆ. ಆದರೆ ನಿನ್ನ ಬಾಯಿಂದ ಕೇಳಬೇಕು. ನನ್ನ ಕಣ್ಣು ನನಗೆ ವಾಪಸು ಬಂದಿದೆ ಎಂದು ಇಪ್ಪತ್ತು ದಿನದಿಂದ ನಂಬಿದ್ದೇನೆ. ಅದು ನನ್ನದೋ ನಿನ್ನದೋ ತಿಳಿಯದೆ ಇನ್ನು ಮುಂದೆ ಒತ್ತಲಾರೆ.

ಈದ್‌ಗೆ ಬಾ. ಶೀರ್‌ಖುರ್ಮಾ ಮಾಡುತ್ತೇನೆ.

ಗೌಸಿಯಾ


ಕಮಲಾಪುರ
೮ ಏಪ್ರಿಲ್ ೨೦೨೪

ಗೌಸಿಯಾ ಆಪಾ,

ಪರೀಕ್ಷೆ ಕೊಟ್ಟವಳು ನಾನು. ಆ ಚೀಲ ನೋಡಿದವಳೂ ನಾನೇ.

ಸಂದಲ್ ದಿನ ನೀವು ಅರ್ಧ ದಿನದ ರಜೆ ಕೇಳಲು ಹೊರಟಿರಿ. 'ಕೇಳಬ್ಯಾಡ್ರಿ ಆಪಾ, ಹೋಗ್ರಿ, ನಾ ನೋಡ್ಕೋತೀನಿ' ಎಂದೆ. ನಿಮ್ಮ ಉಳಿದ ನಾಲ್ಕು ಚೀಲ ನನ್ನ ಟೋಕನ್ ಹನ್ನೆರಡರ ಲೆಕ್ಕಕ್ಕೆ ಸೇರಿಸಿದೆ ಎಂದು ಆಮೇಲೆ ನಿಮಗೆ ಹೇಳಿದ್ದು ಸುಳ್ಳು. ನಿಮ್ಮ ದಿನ ಪೂರ್ತಿಯಾಗಲಿ ಎಂದು ಅವಕ್ಕೂ ಹನ್ನೊಂದರ ಚೀಟಿಯನ್ನೇ ಬರೆದೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನನ್ನವು ಆರು, ನಿಮ್ಮವು ನಾಲ್ಕು, ಸಾಯಂಕಾಲ ಕರೆಂಟು ಹೋಯಿತು. ಕೊನೆಯ ಚೀಲವನ್ನು ನಾನು ಸರಿಯಾಗಿ ನೋಡಲಿಲ್ಲ. ಮೇಲೆ ಮೇಲೆ ಕೈಯಾಡಿಸಿ ಹೊಲಿಗೆಗೆ ಕಳಿಸಿದೆ.

ಚೀಲ ವಾಪಸು ಬಂದ ದಿನ ನಾಗಣ್ಣ ಒಂದು ಕೈಯಲ್ಲಿ ಹರಳು, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದಿದ್ದರು. ನೀವು ಹರಳನ್ನು ನೋಡಿದಿರಿ. ನಾನು ಚೀಟಿಯನ್ನು ನೋಡಿದೆ. ಅಕ್ಷರ ನನ್ನದಾಗಿತ್ತು. ನೀವು ತಲೆ ಎತ್ತಿ ಒಮ್ಮೆ ಚೀಟಿ ನೋಡಿದ್ದರೆ ನಿಮಗೂ ಗೊತ್ತಾಗುತ್ತಿತ್ತು. ಎತ್ತಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಯಂತ್ರ ಬರುತ್ತದೆ, ಯಾರನ್ನು ಮೊದಲು ಕಳಿಸುತ್ತಾರೋ ಎಂಬ ಸುದ್ದಿ ಆಗಲೇ ಇತ್ತು. ಹೆದರಿದೆ ಆಪಾ. ಸಂಜೆ ಹೇಳೋಣ ಎಂದುಕೊಂಡೆ, ಮರುದಿನ ನೀವು ಟೋಕನ್ ಇಟ್ಟು ಹೋಗಿದ್ದಿರಿ. ಆಮೇಲೆ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಉರುಸಿಗೆ ಬರದೆ ಇದ್ದದ್ದು ಅದಕ್ಕೇ. ನಿಮ್ಮ ಮನೆಯ ಅನ್ನ ಉಣ್ಣುವ ಮುಖ ನನಗಿರಲಿಲ್ಲ.

ಈ ಧೂಳಿನ ಕೆಲಸಕ್ಕೆ ನಿಮ್ಮನ್ನು ಎಳೆದದ್ದು ನಿಮ್ಮ ಕಣ್ಣಿನ ನಂಬಿಕೆ ನಿಮಗೆ ತಿರುಗಿ ಬರಲಿ, ನಾನು ಏನೂ ಹೇಳದೆ ಪಾರಾಗಲಿ ಎಂದು. ಪರೀಕ್ಷೆಯಲ್ಲಿ ನೀವು ಫೇಲಾದರೆ ಎಂದು ಹೆದರಿ ನಿಮ್ಮ ಹೆಸರಿನಲ್ಲಿ ನಾನೇ ಕೂತೆ. ನಿಮ್ಮ ಕಾಗದ ಓದುವವರೆಗೆ ಎರಡನೆಯ ಸಲವೂ ಅದೇ ತಪ್ಪು ಮಾಡಿದೆ ಎಂದು ನನಗೆ ಹೊಳೆದಿರಲಿಲ್ಲ.

ನಿಮ್ಮ ಎರಡು ಚೀಲದಲ್ಲಿ ಒಂದು ಹರಳೂ ಇರಲಿಲ್ಲ. ನಿಮ್ಮ ಕಣ್ಣು ಎಂದೂ ಹೋಗಿರಲಿಲ್ಲ. ಎರಡು ವರ್ಷ ಅದನ್ನು ನಿಮ್ಮಿಂದ ಕಸಿದುಕೊಂಡವಳು ನಾನು. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ.

ವಿಜಯಶ್ರೀ


ಕಮಲಾಪುರ
೨೮ ಮೇ ೨೦೨೪

ಆಪಾ,

ಏಳು ವಾರವಾಯಿತು. ಉತ್ತರ ಕೇಳುತ್ತಿಲ್ಲ. ಎರಡು ಸಂಗತಿ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಹೋದ ವಾರ ನಾಗಣ್ಣನ ಮನೆಗೆ ಹೋಗಿದ್ದೆ. ಕೋಟನೂರಿನಲ್ಲಿ ಮಗನ ಹತ್ತಿರ ಇದ್ದಾರೆ. ಸೊಸೆ, ಮೊಮ್ಮಕ್ಕಳ ಎದುರಿಗೇ ಎಲ್ಲ ಹೇಳಿದೆ. 'ಅವತ್ತ ಹೇಳಿದ್ರ ನಿನಗ ಬೈದು ಬಿಡ್ತಿದ್ನೆವ್ವಾ. ಇವತ್ತ ನಾ ಏನ್ ಮಾಡ್ಲಿ?' ಎಂದರು. ಆಮೇಲೆ, 'ಆಕೀಗಿ ನಾನೂ ಒಂದು ಮಾತು ಹೇಳಬೇಕಾಗೇದ. ಚೀಟಿ ನೋಡ್ದೆ, ಅಕ್ಷರ ನೋಡ್ಲಿಲ್ಲ,' ಎಂದರು.

ಇನ್ನೊಂದು. ಸಂದಲ್ ದಿನ ಬಂದಿದ್ದೆ. ನಿಮ್ಮ ಓಣಿಯ ಮೂಲೆಯ ಬಳೆ ಅಂಗಡಿಯವರೆಗೆ ಬಂದೆ. ನಿಮ್ಮ ಬಾಗಿಲು ತೆರೆದಿತ್ತು. ಹಂಡೆಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಸ್ವಲ್ಪ ಹೊತ್ತು ನಿಂತು ಐದರ ಬಸ್ಸಿಗೆ ತಿರುಗಿ ಬಂದೆ.

ವಿಜಯಶ್ರೀ


ರೋಜಾ, ಕಲಬುರಗಿ
೧೯ ಜೂನ್ ೨೦೨೪

ವಿಜಯಶ್ರೀ,

ನಿನ್ನ ಕಾಗದ ಈದ್‌ನ ಮಾರನೆಯ ದಿನ ಬಂತು. ಹಬ್ಬದ ದಿನ ಪೂರ್ತಿ ಶೀರ್‌ಖುರ್ಮಾದ ಪಾತ್ರೆ ನಿನಗಾಗಿ ಮುಚ್ಚಿಟ್ಟಿದ್ದೆ. ಓದಿ ಪಾತ್ರೆಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ನನಗೆ ಬಹಳ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಇಳಿದಿಲ್ಲ. ಹರಳು ಉಳಿದದ್ದಕ್ಕಲ್ಲ, ಕರೆಂಟು ಹೋದರೆ ಯಾರಿಗೂ ಕಾಣುವುದಿಲ್ಲ. ನೀನು ಎದುರಿಗೆ ಕೂತು ನನ್ನ ಅಂಗೈ ನೋಡುತ್ತ ಸುಮ್ಮನಿದ್ದೆಯಲ್ಲ, ಅದಕ್ಕೆ. ಚೀಟಿಯ ಬೆನ್ನಿಗೆ ಎಷ್ಟು ಮಾತು ಬರೆದೆ ನೀನು ನನಗೆ, ಪಲ್ಯದ ಮಾತು, ಸೀರೆಯ ಮಾತು. ಈ ಒಂದು ಮಾತಿಗೆ ನಿನಗೆ ಚೀಟಿ ಸಿಗಲಿಲ್ಲ. ಎರಡು ವರ್ಷ ನಾನು ಸೂಜಿಗೆ ದಾರ ಏರಿಸಲು ಸೊಸೆಯನ್ನು ಕರೆದೆ. ಕಣ್ಣು ಮುಚ್ಚಿಕೊಂಡೇ ಬದುಕಿದೆ. ಅದು ನಿನಗೆ ತಿಳಿದಿರಬೇಕು, ಅದಕ್ಕೇ ಬರೆದೆ.

ನೀನು ಬಳೆ ಅಂಗಡಿಯ ಹತ್ತಿರ ನಿಂತದ್ದನ್ನು ನಾನು ಮಾಳಿಗೆಯ ಮೇಲಿನಿಂದ ನೋಡಿದೆ. ಅಷ್ಟು ಜನರ ನಡುವೆ, ಅಷ್ಟು ದೂರದಿಂದ ಗುರುತು ಹಿಡಿದೆ. ಕರೆಯಬೇಕೆನಿಸಲಿಲ್ಲ.

ನಾಗಣ್ಣ ಬಂದಿದ್ದ. ಚಹಾ ಕುಡಿದು, ಹೇಳಬೇಕಾದದ್ದನ್ನು ಹೇಳಿ ಹೋದ. ಅವನ ಲೆಕ್ಕ ಮುಗಿಯಿತು.

ನೀನು ತೆಗೆದ ಖಾತೆಯನ್ನು ಮುಚ್ಚಿಸಿದೆ. ನಾನು ಅದರಲ್ಲಿ ಒತ್ತಿದ್ದೆಲ್ಲ ಹೋದರೂ ಹೋಗಲಿ. ನನ್ನ ಹೆಸರಿನಲ್ಲಿ ಬೇರೆ ತೆಗೆದು ಪರೀಕ್ಷೆಗೆ ನಾನೇ ಕೂತೆ. ಮೊದಲ ಸಲ ನಾಲ್ಕು. ಎರಡನೆಯ ಸಲ ಆರು. ಹೇಳಿಕೊಡುವುದು ಸುಲಭ, ಮಾಡುವಾಗ ನನ್ನ ಬೆರಳೂ ಎಲ್ಲದಕ್ಕೂ ಅದ ಅದ ಎನ್ನುತ್ತಿತ್ತು. ಮೂರನೆಯ ಸಲ ಒಂಬತ್ತು. ಈಗ ಮನೆಯ ಅಕ್ಕಿ ನಾನೇ ಹಸನು ಮಾಡುತ್ತೇನೆ.

ಈ ಲಕೋಟೆಯಲ್ಲಿ ಮೂರು ಹರಳು ಇಟ್ಟಿದ್ದೇನೆ. ಅವು ನಿನ್ನವು, ನೀನು ಇಟ್ಟುಕೋ.

ಇನ್ನೊಂದು ಕೆಲಸ. ಚಿತ್ರದ ಸಂಖ್ಯೆ ಹಾಕಿ ಹುಡುಕಿದರೆ ಅದೇ ಚಿತ್ರ ಬರುತ್ತದೆ ಎಂದು ಅಂಬರೀನ್ ತೋರಿಸಿದಳು. ೪೧೭೭೨೬ ಎಂಬುದನ್ನು ತೆಗೆ. ಎರಡು ದಿನದಿಂದ ಅದರ ಮುಂದೆಯೇ ಕೂತಿದ್ದೇನೆ. ನಾನು ಏನು ಒತ್ತಿದೆ ಎಂದು ಹೇಳುವುದಿಲ್ಲ. ನೀನು ನೋಡು. ನೋಡಿ, ನಿನ್ನ ಹೆಸರಿನಲ್ಲಿ ಬರೆ.

ಗೌಸಿಯಾ


ಕಮಲಾಪುರ
೨೯ ಜೂನ್ ೨೦೨೪

ಗೌಸಿಯಾ ಆಪಾ,

ಹರಳು ತಲುಪಿದವು. ಕುಂಕುಮದ ಭರಣಿಯಲ್ಲಿ ಇಟ್ಟಿದ್ದೇನೆ. ದಿನಾ ಕಾಣುತ್ತವೆ.

ಆ ಚಿತ್ರವನ್ನು ನಾಲ್ಕು ದಿನ ನೋಡಿದೆ. ಮೇಲ್ಮೈಯಲ್ಲಿ ಬಲಗಡೆ ಎರಡು ಗೀರು, ನಡುವೆ ಒಂದು ಗುಂಡಗಿನ ಕಲೆ ಇವೆ. ಕಲೆ ಬಹಳ ಆಸೆ ಹುಟ್ಟಿಸುವಂಥದ್ದು. ನೀವು ಎರಡು ದಿನ ಕೂತಿದ್ದೀರೆಂದರೆ ಅದೇ ಇರಬೇಕು, ಅದು ನಿ‍ಜವಾದ ಹಾದಿಯಾಗಿರಲಿ ಎಂದು ನನಗೂ ಬಹಳ ಅನಿಸಿತು. ಆನಂದಕುಮಾರರಿಗೆ ಎಲ್ಲ ಹೇಳಿದ್ದೇನೆ. 'ಅವರಿಗಿ ಸಮಾಧಾನ ಆಗ್ತದ, ಅದ ಅಂತ ಬರದು ಬಿಡ್ರಿ ಅಕ್ಕಾ,' ಎಂದರು.

ಬರೆಯುವುದಿಲ್ಲ. ಕೆಳಗಿಳಿದರೆ ಕಲೆ ಗೀರಿನ ಜೊತೆಗೇ ಮಸುಕಾಗುತ್ತದೆ. ಅದರ ಕೆಳಗೆ ಪೂರ್ತಿ ಖಾಲಿ. ನೀವು ಹಾದಿ ಕಂಡಿದ್ದರೆ ನನ್ನ ಮಾತು ನಿಮಗೆ ನೋವು ಮಾಡುತ್ತದೆ. ನಿಮ್ಮಿಂದ ಇನ್ನೊಂದು ಕಾಗದ ಬರುವುದೋ ಇಲ್ಲವೋ ಎಂದು ಹೆದರಿಕೊಂಡೇ ಬರೆಯುತ್ತಿದ್ದೇನೆ. ನನ್ನ ಕಣ್ಣಿಗೆ ಅದರಲ್ಲಿ ಏನೂ ಇಲ್ಲ.

ವಿಜಯಶ್ರೀ
ಟೋಕನ್ ಹನ್ನೆರಡು


ರೋಜಾ, ಕಲಬುರಗಿ
೫ ಜುಲೈ ೨೦೨೪

ವಿಜಯಾ,

ಅದು ಉತ್ತರ ಗೊತ್ತಿರುವ ಚಿತ್ರ. ನಾನು ಮೊದಲ ದಿನವೇ ಒತ್ತಿದ್ದೆ, ಸರಿ ಎಂದು ಅವರೂ ತಿಳಿಸಿದ್ದರು. ಅದರಲ್ಲಿ ಏನೂ ಇಲ್ಲ. ಎರಡು ದಿನ ಕೂತೆ ಎಂದದ್ದು ನಿನಗಾಗಿ ಬರೆದದ್ದು. ನನ್ನ ಮನಸ್ಸು ಕಾಯಲು ನೀನು ಕಂಡಿತು ಎಂದು ಬರೆದಿದ್ದರೆ ಈ ಕಾಗದ ಬರುತ್ತಿರಲಿಲ್ಲ.

ಈ ಕಾಗದ ಸಿಕ್ಕ ಮೇಲಿನ ಭಾನುವಾರ ಹತ್ತರ ಬಸ್ಸಿಗೆ ಬಾ. ಬಳೆ ಅಂಗಡಿಯ ಹತ್ತಿರ ನಿಲ್ಲಬೇಡ. ಅಕ್ಕಿ ಹಸನು ಮಾಡದೆ ಇಟ್ಟಿರುತ್ತೇನೆ. ಮನೆಯಲ್ಲಿ ಮೊರ ಒಂದೇ ಇತ್ತು, ನಿನ್ನೆ ಇನ್ನೊಂದು ತರಿಸಿದ್ದೇನೆ.

ಗೌಸಿಯಾ